ಮುಚ್ಚಿದ ಅಂಗಡಿ, ಆರಿದ ಬೋರ್ಡು: ಹನ್ನೆರಡು ಜನರ ನೆನಪನ್ನು ದಾಖಲೆ ಮಾಡುವುದು ಹೇಗೆ?

ಪ್ರಶ್ನೆ: ನನಗೀಗ 58. ಕಾಲೇಜಿನ ಹಳೆಯ ಗೆಳೆಯ ಗೆಳತಿಯರು ಹನ್ನೆರಡು ಜನ ಸೇರಿ, ಆಗ ನಾವು ಓಡಾಡುತ್ತಿದ್ದ ರಸ್ತೆಯ ಅಂಗಡಿಗಳು, ರಾತ್ರಿ ಹಾಡು ಕುಣಿತ ಇರುತ್ತಿದ್ದ ಕ್ಲಬ್ಬು ಇವುಗಳ ನೆನಪನ್ನು ಬರೆದಿಡೋಣ ಎಂದು ಹೊರಟೆವು. ಅವುಗಳಲ್ಲಿ ಒಂದೂ ಈಗ ಇಲ್ಲ. ಮೊದಲ ದಿನವೇ ಜಗಳ ಶುರುವಾಯಿತು. ಕ್ಲಬ್ಬು ಮುಚ್ಚಿದ್ದು 1986ರಲ್ಲಿ ಎಂದು ಒಬ್ಬರು, ಅಲ್ಲ 1991 ಎಂದು ಇನ್ನೊಬ್ಬರು. ಕ್ಯಾಸೆಟ್ ಅಂಗಡಿ ಅದರ ಪಕ್ಕದಲ್ಲಿತ್ತೋ ಎದುರಿಗಿತ್ತೋ ಎಂಬುದೂ ತೀರ್ಮಾನವಾಗಲಿಲ್ಲ. ಬಾಗಿಲ ಮೇಲೆ ಕೆಂಪು ನಿಯಾನ್ ಬೋರ್ಡು ಉರಿಯುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಸಿಕ್ಕಿರುವ ಒಂದೇ ಫೋಟೋದಲ್ಲಿ, ಅದೂ ಹಗಲಿನದು, ಬಣ್ಣ ಬಳಿದ ಹಲಗೆ ಕಾಣುತ್ತದೆ. ನನಗೆ ಮರೆವಿನ ಕಾಯಿಲೆ ಶುರುವಾಗಿದೆಯೇ? ಮನೆಯಲ್ಲಿ ಒಂದು ಡಬ್ಬದ ತುಂಬ ಬೆಂಕಿಪೊಟ್ಟಣಗಳು, ಅಕ್ಷರ ಮಾಸುತ್ತಿರುವ ಬಿಲ್ಲುಗಳು, ಕ್ಲಬ್ಬಿನಲ್ಲೇ ರೆಕಾರ್ಡ್ ಮಾಡಿದ ಎರಡು ಕ್ಯಾಸೆಟ್, ಅಂಟುಹಾಳೆಯ ಆಲ್ಬಮ್ ಒಂದು ಇವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆರೋಗ್ಯದ ಮಾತು ಮುಗಿಸೋಣ. ಮೂವತ್ತೈದು ನಲವತ್ತು ವರ್ಷ ಹಿಂದಿನ ಘಟನೆಯ ಇಸವಿ ಐದು ವರ್ಷ ಆಚೀಚೆ ಆಗುವುದು ಕಾಯಿಲೆಯಲ್ಲ, ಎಲ್ಲರಿಗೂ ಆಗುವುದೇ. ಇವತ್ತು ಬೆಳಿಗ್ಗೆ ಕೇಳಿದ್ದನ್ನೇ ಮಧ್ಯಾಹ್ನ ಮತ್ತೆ ಮತ್ತೆ ಕೇಳುವುದು, ದಿನಾ ಹೋಗುವ ದಾರಿ ತಪ್ಪುವುದು, ಲೆಕ್ಕಪತ್ರ ಇದ್ದಕ್ಕಿದ್ದಂತೆ ಗೋಜಲಾಗುವುದು ಇಂಥವು ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ನಿಯಾನ್ ಬೋರ್ಡಿನ ವಿಷಯಕ್ಕೆ ಹೋಗಬೇಕಾಗಿಲ್ಲ. ಆ ಬೋರ್ಡಿನ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ. ನೀವು ಅಂದುಕೊಂಡಷ್ಟು ಸುಲಭವಾಗಿ ಆ ಫೋಟೋ ನಿಮ್ಮನ್ನು ಸುಳ್ಳು ಮಾಡಿಲ್ಲ.

ಹನ್ನೆರಡೂ ಜನ ಇಷ್ಟು ಹುರುಪಿನಿಂದ ಜಗಳವಾಡುವುದಕ್ಕೆ ಕಾರಣವಿದೆ. ನಲವತ್ತು ದಾಟಿದವರ ಬದುಕಿನ ನೆನಪುಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರೆ, ಸುಮಾರು 10ರಿಂದ 30ರ ನಡುವೆ ಒಂದು ದಿಬ್ಬ ಎದ್ದು ಕಾಣುತ್ತದೆ. ಮೊದಲ ಸಂಬಳ, ಮೊದಲ ಸಲ ರಾತ್ರಿ ಹನ್ನೊಂದರ ನಂತರ ಮನೆಯ ಹೊರಗೆ, ಮೊದಲ ಸಲ ಸ್ವಂತ ದುಡ್ಡಿನಲ್ಲಿ ಕೊಂಡ ಕ್ಯಾಸೆಟ್ ಎಲ್ಲ ಆ ದಿಬ್ಬದ ಮೇಲಿರುತ್ತವೆ. ಹೊಸತು ಗಟ್ಟಿಯಾಗಿ ಅಚ್ಚಾಗುತ್ತದೆ. ಹಾಗೆ ಅಚ್ಚಾಗುವುದು ಏನಾಯಿತು, ಯಾರಿದ್ದರು, ಹೇಗನ್ನಿಸಿತು ಎಂಬುದು. ಯಾವ ಇಸವಿ, ಬೀದಿಯ ಯಾವ ಬದಿ ಎಂಬುದಲ್ಲ. ತಾರೀಖನ್ನು ಮೆದುಳು ಬೇರೆಯಾಗಿ ಬರೆದಿಟ್ಟುಕೊಳ್ಳುವುದಿಲ್ಲ. ಕೇಳಿದಾಗ ಅಲ್ಲೇ ಲೆಕ್ಕ ಹಾಕುತ್ತದೆ: ‘ಅಣ್ಣನ ಮದುವೆಗಿಂತ ಮುಂಚೆ, ಹಾಗಾದರೆ...’ ಎಂದು. ಆ ಲೆಕ್ಕದಲ್ಲಿ ದೂರದ ಘಟನೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವ ವಾಲಿಕೆ ಇದೆ. ನಿಮ್ಮ 1986, 1991ರ ಜಗಳದಲ್ಲಿ ನನಗೆ ಆಧಾರವೇ ಸಿಗದಿದ್ದರೆ 1986ರ ಕಡೆಯಿಂದ ಹುಡುಕಲು ಶುರು ಮಾಡುತ್ತೇನೆ. ಅದು ತೀರ್ಪಲ್ಲ, ಹುಡುಕಾಟಕ್ಕೆ ಒಂದು ತುದಿ ಅಷ್ಟೇ.

ಈಗ ಒಂದೆರಡು ನಂಬಿಕೆಗಳನ್ನು ಕೆಡವಬೇಕು. ಇವುಗಳನ್ನು ಇಟ್ಟುಕೊಂಡು ಕೆಲಸಕ್ಕಿಳಿದರೆ ದಾಖಲೆ ಕೆಡುತ್ತದೆ.

ಕಣ್ಣಿಗೆ ಕಟ್ಟಿದಂತೆ ನೆನಪಿದೆ, ಆದ್ದರಿಂದ ನಿಜ ಎಂಬುದು ಮೊದಲನೆಯದು. 1981ರಲ್ಲಿ ಬ್ರೂವರ್ ಮತ್ತು ಟ್ರೇಯನ್ಸ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳನ್ನು ಒಂದು ಕಚೇರಿ ಕೋಣೆಯಲ್ಲಿ ಅರ್ಧ ನಿಮಿಷದಷ್ಟು ಕಾಯಿಸಿ, ಆಮೇಲೆ ಆ ಕೋಣೆಯಲ್ಲಿ ಏನೇನಿತ್ತು ಎಂದು ಕೇಳಿದರು. ಪುಸ್ತಕಗಳಿದ್ದವು ಎಂದು ಹಲವರು ಹೇಳಿದರು. ಕೋಣೆಯಲ್ಲಿ ಪುಸ್ತಕಗಳೇ ಇರಲಿಲ್ಲ. ವಿಶ್ವವಿದ್ಯಾಲಯದ ಕಚೇರಿ ಎಂದ ಮೇಲೆ ಪುಸ್ತಕ ಇರಬೇಕಲ್ಲ! ಹಾಗೆಯೇ ನೈಟ್ ಕ್ಲಬ್ ಎಂದರೆ ಕನ್ನಡಿ ಚೂರಿನ ಚೆಂಡು ಇರಲೇಬೇಕು, ಕ್ಯಾಸೆಟ್ ಅಂಗಡಿ ಎಂದರೆ ಗೋಡೆ ತುಂಬ ಪೋಸ್ಟರ್ ಇರಲೇಬೇಕು ಎಂದು ತಲೆ ತಾನೇ ತುಂಬಿಸಿಕೊಳ್ಳುತ್ತದೆ. ಆದ್ದರಿಂದ ಹೇಳಿದವರ ಮಾತಿನಲ್ಲಿ ‘ಇರಲೇಬೇಕಾದ’ ವಸ್ತುಗಳಿಗೆ ನಾನು ಕಡಿಮೆ ತೂಕ ಕೊಡುತ್ತೇನೆ. ಗಲ್ಲಾದ ಕೆಳಗೆ ಮುರಿದ ಹೆಂಚು ಇಟ್ಟು ಮೇಜು ಸಮ ಮಾಡಿದ್ದರು ಎಂಬಂಥ ಬೇಡದ ವಿವರಕ್ಕೆ ಹೆಚ್ಚು ತೂಕ.

ಎರಡನೆಯದು, ವಾಸನೆ ಸುಳ್ಳು ಹೇಳುವುದಿಲ್ಲ ಎಂಬುದು. ವಾಸನೆಯಿಂದ ಏಳುವ ನೆನಪು ಹೆಚ್ಚಾಗಿ ಬಹಳ ಹಳೆಯದಾಗಿರುತ್ತದೆ, ಮನಸ್ಸನ್ನು ಜೋರಾಗಿ ಅಲ್ಲಾಡಿಸುತ್ತದೆ. ಅಷ್ಟರಿಂದ ಅದು ಹೆಚ್ಚು ಕರಾರುವಾಕ್ಕು ಎಂದಾಗುವುದಿಲ್ಲ.

ಮೂರನೆಯದೇ ದೊಡ್ಡ ಅಪಾಯ, ನಿಮ್ಮ ಗುಂಪು ಈಗಾಗಲೇ ಅದರೊಳಗೆ ಕಾಲಿಟ್ಟಿದೆ: ಎಲ್ಲರೂ ಕೂತು ಮಾತಾಡಿ ಒಪ್ಪಿದರೆ ಅದೇ ಸತ್ಯ ಎಂಬುದು. 2003ರಲ್ಲಿ ಗ್ಯಾಬರ್ಟ್ ಮತ್ತು ಸಂಗಡಿಗರು ಮಾಡಿದ ಪ್ರಯೋಗದಲ್ಲಿ, ಒಂದೇ ಘಟನೆಯ ಎರಡು ಬೇರೆ ವಿಡಿಯೋಗಳನ್ನು ನೋಡಿದ ಜೋಡಿಗಳನ್ನು ಮಾತಾಡಲು ಬಿಟ್ಟರು. ಹಾಗೆ ಮಾತಾಡಿದವರಲ್ಲಿ 71 ಶೇಕಡಾ ಜನ, ತಾವು ನೋಡದೆ ಇನ್ನೊಬ್ಬರ ಬಾಯಿಂದ ಕೇಳಿದ ಒಂದಾದರೂ ಸಂಗತಿಯನ್ನು ತಾವೇ ಕಂಡಂತೆ ವರದಿ ಮಾಡಿದರು. ಗುಂಪಿನಲ್ಲಿ ಗಂಟಲು ದೊಡ್ಡದಿರುವವರ ನೆನಪು ಎಲ್ಲರ ನೆನಪಾಗುತ್ತದೆ. ಒಮ್ಮೆ ಹಾಗೆ ಬೆರೆತದ್ದನ್ನು ಬಿಡಿಸಲು ಬರುವುದಿಲ್ಲ, ಹಾಲಿಗೆ ಬಿದ್ದ ನೀರಿನ ಹಾಗೆ.

ಹಾಗಾಗಿ ಇವತ್ತೇ ಮಾಡಬೇಕಾದದ್ದು: ಗುಂಪಿನ ಮಾತು ನಿಲ್ಲಿಸಿ. ಹನ್ನೆರಡೂ ಜನ ತಮ್ಮ ತಮ್ಮ ಮನೆಯಲ್ಲಿ ಕೂತು, ಯಾರನ್ನೂ ಕೇಳದೆ, ಹಳೆಯ ಫೋಟೋ ನೋಡದೆ, ಒಂದು ಹಾಳೆಯಲ್ಲಿ ಆ ರಸ್ತೆಯ ನಕ್ಷೆ ಬರೆಯಲಿ. ಚಿತ್ರ ಚೆನ್ನಾಗಿರಬೇಕಿಲ್ಲ. ರಸ್ತೆಯ ಎರಡೂ ಬದಿ, ಅಂಗಡಿಗಳ ಸಾಲು, ಬಸ್ಸಿಳಿದ ಜಾಗ, ನಡೆದು ಬಂದ ದಿಕ್ಕಿಗೆ ಒಂದು ಬಾಣ. ಬಾಣ ಯಾಕೆಂದರೆ ಪಕ್ಕ ಎದುರಿನ ಜಗಳಗಳಲ್ಲಿ ಎಷ್ಟೋ ಸಲ ಒಬ್ಬರು ರಸ್ತೆಯ ಈ ತುದಿಯಿಂದ, ಇನ್ನೊಬ್ಬರು ಆ ತುದಿಯಿಂದ ಬರುತ್ತಿದ್ದವರಾಗಿರುತ್ತಾರೆ. ‘ಎಡಗಡೆ’ ಎಂಬ ಮಾತೇ ಇಬ್ಬರಿಗೂ ಬೇರೆ. ಹೆಸರು, ದಿನಾಂಕ, ತಾನು ಆ ರಸ್ತೆಗೆ ಯಾವ ವಯಸ್ಸಿನಿಂದ ಯಾವ ವಯಸ್ಸಿನವರೆಗೆ ಹೋಗುತ್ತಿದ್ದೆ ಎಂಬುದನ್ನು ಬರೆದು, ಫೋಟೋ ತೆಗೆದು ನಿಮಗೊಬ್ಬರಿಗೇ ಕಳಿಸಲಿ. ಹನ್ನೆರಡೂ ಬರುವವರೆಗೆ ಯಾವುದನ್ನೂ ಯಾರಿಗೂ ತೋರಿಸಬೇಡಿ. ಎರಡು ವಾರ ಬೇಕಾಗಬಹುದು, ಬೈಗುಳವೂ ಬೀಳಬಹುದು.

ಅವರು ಬರೆಯುವಷ್ಟರಲ್ಲಿ ನೀವು ಡಬ್ಬ ಬಿಚ್ಚಿ. ಅದರೊಳಗೆ ಎಲ್ಲಕ್ಕಿಂತ ಬೇಗ ಸಾಯುತ್ತಿರುವುದು ಬಿಲ್ಲುಗಳು. ಬಿಲ್ಲಿನ ನುಣುಪಾದ ಬದಿಯ ಖಾಲಿ ಮೂಲೆಯಲ್ಲಿ ಉಗುರಿನಿಂದ ಸಣ್ಣಗೆ ಗೀರಿ. ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇರುವುದಿಲ್ಲ. ಬಣ್ಣವಿಲ್ಲದ ಡೈ ಮತ್ತು ಅದಕ್ಕೆ ಬಣ್ಣ ಬರಿಸುವ ಆಮ್ಲೀಯ ಪದಾರ್ಥ ಎರಡೂ ಕಾಗದದ ಮೇಲ್ಪದರದಲ್ಲೇ ಇರುತ್ತವೆ, ಬಿಸಿ ತಗುಲಿದಲ್ಲಿ ಕರಗಿ ಸೇರಿ ಕಪ್ಪಾಗುತ್ತವೆ. ಆ ಸೇರಿಕೆ ಬಿಡಿಸಿಕೊಂಡರೆ ಅಕ್ಷರ ಮಾಯ. ಬಿಡಿಸುವುದು ಬೆಳಕು, ಎಣ್ಣೆ ಕೈ, ಎಲ್ಲಕ್ಕಿಂತ ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್ ಕವರು. ಪಿವಿಸಿಯನ್ನು ಮೆತ್ತಗಿಡಲು ಹಾಕುವ ರಾಸಾಯನಿಕ ಕಾಗದಕ್ಕೆ ಇಳಿಯುತ್ತದೆ. ಜೋಪಾನವಾಗಿರಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಬಿಲ್ಲೇ ಮೊದಲು ಬಿಳಿಯಾಗುತ್ತದೆ. ಲ್ಯಾಮಿನೇಶನ್ ಮಾಡಿಸಿದರಂತೂ ಯಂತ್ರದ ಬಿಸಿಗೆ ಇಡೀ ಕಾಗದ ಕ್ಷಣದಲ್ಲಿ ಕಪ್ಪು. ಮಾಸಿದ್ದನ್ನು ಎಬ್ಬಿಸಲು ಹೇರ್ ಡ್ರೈಯರ್ ಹಿಡಿಯುವ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಹಿನ್ನೆಲೆಯೂ ಕಪ್ಪಾದರೆ ಹಿಂದಕ್ಕೆ ತರುವ ದಾರಿ ಇಲ್ಲ, ಆ ಕೆಲಸ ಬೇಡ. ಬದಲಿಗೆ ಬಣ್ಣದಲ್ಲೇ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಚಿತ್ರ ತಿದ್ದುವ ಯಾವುದಾದರೂ ಆ್ಯಪ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಮಾಡಿ ನೀಲಿಯನ್ನು ಮಾತ್ರ ಇಟ್ಟು ಕಾಂಟ್ರಾಸ್ಟ್ ಏರಿಸಿ. ಮಾಸಿದ ಅಕ್ಷರ ಸಾಮಾನ್ಯವಾಗಿ ಹಳದಿ ಛಾಯೆಯಲ್ಲಿ ಉಳಿದಿರುತ್ತದೆ, ಹಳದಿ ನೀಲಿ ಬೆಳಕನ್ನು ನುಂಗುವುದರಿಂದ ಅಲ್ಲಿ ಅದು ಕಪ್ಪಾಗಿ ಎದ್ದು ಬರುತ್ತದೆ. ಆಮೇಲೆ ಬಿಲ್ಲುಗಳನ್ನು ಬಿಳಿ ಕಾಗದದ ಲಕೋಟೆಯಲ್ಲಿ, ಕತ್ತಲಲ್ಲಿ, ತಂಪಿರುವ ಕಡೆ ಇಡಿ.

ಬೆಂಕಿಪೊಟ್ಟಣಗಳನ್ನು ಕಡ್ಡಿ ಸಮೇತ ಒಂದು ಫೋಟೋ ತೆಗೆದು, ಆಮೇಲೆ ಕಡ್ಡಿಗಳನ್ನು ತೆಗೆದುಬಿಡಿ. ಸುರಕ್ಷಿತ ಬೆಂಕಿಪೊಟ್ಟಣದಲ್ಲಿ ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗೀರುವ ಪಟ್ಟಿಯಲ್ಲಿ ಕೆಂಪು ರಂಜಕ. ಎರಡೂ ಒಂದೇ ಡಬ್ಬದಲ್ಲಿ ಸಡಿಲವಾಗಿ ಉಜ್ಜಾಡುವುದು ಬೇಡ. ನೀವು ಉಳಿಸಬೇಕಾದದ್ದು ಅಚ್ಚಾದ ಚೀಟಿ ಮತ್ತು ಅದರ ಮೇಲಿನ ಫೋನ್ ನಂಬರು. ನಂಬರಿನ ಅಂಕಿ ಎಷ್ಟಿವೆ ಎಂಬುದೇ ಮುಂದೆ ಕಾಲ ಹೇಳುತ್ತದೆ.

ಅಂಟುಹಾಳೆಯ ಆಲ್ಬಮ್ ತಾಳ್ಮೆ ಕೇಳುತ್ತದೆ. ಗೆರೆ ಗೆರೆಯಾಗಿ ಅಂಟು ಬಳಿದ ದಪ್ಪ ಹಾಳೆ, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್. ಕಾಲ ಕಳೆದಂತೆ ಆ ಅಂಟು ಕೆಲವು ಕಡೆ ಒಣಗಿ ಫೋಟೋ ಉದುರುತ್ತದೆ, ಕೆಲವು ಕಡೆ ಕಲ್ಲಿನಂತೆ ಹಿಡಿಯುತ್ತದೆ. ಕಿತ್ತು ನೋಡುವ ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೆಯೇ ಫೋಟೋ ತೆಗೆಯಿರಿ. ಯಾವ ಫೋಟೋ ಯಾವುದರ ಪಕ್ಕದಲ್ಲಿತ್ತು ಎಂಬುದೂ ಸಾಕ್ಷಿಯೇ. ಆಮೇಲೆ ಪ್ಲಾಸ್ಟಿಕ್ ಮೆಲ್ಲಗೆ ಎತ್ತಿ, ಹಲ್ಲುಸಂದಿ ಶುಚಿ ಮಾಡುವ ಮೇಣವಿಲ್ಲದ ದಾರ (ಡೆಂಟಲ್ ಫ್ಲಾಸ್) ಒಂದು ಮೊಳ ತೆಗೆದುಕೊಂಡು ಎರಡೂ ಕೈಬೆರಳಿಗೆ ಸುತ್ತಿ, ಫೋಟೋದ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸದಂತೆ ಅತ್ತಿತ್ತ ಎಳೆಯುತ್ತ ಒಳಗೆ ಸರಿಯಿರಿ. ದಾರ ಹಾಳೆಗೆ ಒತ್ತಿಕೊಂಡಿರಲಿ, ಫೋಟೋಗಲ್ಲ. ಮುಖ್ಯವಲ್ಲದ ಒಂದು ಫೋಟೋದಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ. ದಾರ ನಿಂತರೆ ನೀವೂ ನಿಲ್ಲಿ. ಬಗ್ಗಿಸಿ ಎಳೆದರೆ ಮೇಲಿನ ಚಿತ್ರದ ಪದರ ಬಿರುಕು ಬಿಡುತ್ತದೆ. ಬಾರದ ಫೋಟೋವನ್ನು ಪುಟದ ಮೇಲೇ ಸ್ಕ್ಯಾನ್ ಮಾಡಿ, ಹಾಗೇ ಬಿಡಿ.

ಬಿಡಿಸಿದ ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಸ್ಟುಡಿಯೋ ಮುದ್ರೆ, ತೊಳೆದ ದಿನಾಂಕ, ಕಾಗದದ ಕಂಪನಿಯ ಗುರುತು ಎಷ್ಟೋ ಸಲ ಅಲ್ಲಿರುತ್ತವೆ. 4×6 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್ ಬರುತ್ತದೆ, ಕುಗ್ಗಿಸದ ಟಿಫ್ ಚಿತ್ರ ಕಡತ ಸುಮಾರು 26 ಎಂಬಿ. ಬೋರ್ಡಿನ ಅಕ್ಷರ ಓದಬೇಕಾದ ಪ್ರಿಂಟಿಗೆ 1200. ನೆಗೆಟಿವ್ ಸಿಕ್ಕರೆ ಪ್ರಿಂಟಿಗಿಂತ ಅದೇ ಮೇಲು. 35 ಎಂಎಂ ಫಿಲ್ಮಿಗೆ 3000ದಿಂದ 4000 ಡಿಪಿಐ. ಕಪ್ಪು ಬಿಳುಪು ಬೆಳ್ಳಿ ಫಿಲ್ಮ್ ಆದರೆ ಸ್ಕ್ಯಾನರಿನ ಇನ್ಫ್ರಾರೆಡ್‌ನಿಂದ ಧೂಳು ತೆಗೆಯುವ ಆಯ್ಕೆಯನ್ನು ಆಫ್ ಮಾಡಿಡಿ. ಬೆಳ್ಳಿಯ ಕಣಗಳು ಇನ್ಫ್ರಾರೆಡ್‌ಗೂ ಅಡ್ಡ ನಿಲ್ಲುವುದರಿಂದ ಅದು ಚಿತ್ರವನ್ನೇ ಧೂಳೆಂದು ಅಳಿಸಿಬಿಡುತ್ತದೆ. ಇನ್ನೊಂದು ಮಾತು: ಮಸುಕಾದ ಫೋಟೋವನ್ನು ಎಐ ಆ್ಯಪ್‌ಗೆ ಕೊಟ್ಟು ‘ಸ್ಪಷ್ಟ’ ಮಾಡಿಸಿ ಬೋರ್ಡು ಓದಬೇಡಿ. ಅದು ಅಕ್ಷರಗಳನ್ನು ಕಂಡುಹಿಡಿಯುವುದಿಲ್ಲ, ಹುಟ್ಟಿಸುತ್ತದೆ. ಬಣ್ಣ ತುಂಬಿಸಿದರೂ ಹಾಗೆಯೇ, ನಾಳೆ ನಿಮ್ಮ ಗುಂಪಿನಲ್ಲಿ ‘ಗೋಡೆ ಹಸಿರಿತ್ತು’ ಎಂಬ ಹೊಸ ನೆನಪು ಹುಟ್ಟಿಕೊಳ್ಳುತ್ತದೆ.

ಕ್ಯಾಸೆಟ್ಟುಗಳ ಮಾತು. ಕೈಗೆತ್ತಿಕೊಂಡ ತಕ್ಷಣ ಮೇಲ್ತುದಿಯ ಎರಡು ಪುಟ್ಟ ಪ್ಲಾಸ್ಟಿಕ್ ಪಟ್ಟಿಗಳನ್ನು ಪೆನ್ನಿನ ಮೊನೆಯಿಂದ ಮುರಿದುಹಾಕಿ. ಅವಿದ್ದರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದಾಗ ಹಳೆಯದು ಅಳಿಸಿಹೋಗುತ್ತದೆ. ಒಳಗೆ ಬಿಳಿ ಪುಡಿಯಂತೆ ಬೂಸ್ಟು ಕಂಡರೆ ನುಡಿಸಲೇಬೇಡಿ. ಅದು ನಿಮ್ಮ ಯಂತ್ರಕ್ಕೂ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ, ವೃತ್ತಿಯವರಿಗೆ ಕೊಡಿ. ಬೂಸ್ಟಿಲ್ಲದಿದ್ದರೆ ಟೇಪು ಹಾದುಹೋಗುವ ಬಾಯಲ್ಲಿ ಪುಟ್ಟ ಬಟ್ಟೆಯ ಒತ್ತು ಇದೆಯೇ ನೋಡಿ. ಅದು ಉದುರಿದ್ದರೆ ದನಿ ಮಂಕಾಗುತ್ತದೆ, ಹಾಳಾದ ಇನ್ನೊಂದು ಕ್ಯಾಸೆಟ್ಟಿನಿಂದ ಹಾಕಬಹುದು. ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿ, ವಾಪಸು ಸುತ್ತಿ, ಆಮೇಲೆ ಒಂದೇ ಸಲ ನುಡಿಸುತ್ತ 24 ಬಿಟ್‌ನಲ್ಲಿ ಡಿಜಿಟಲ್ ಮಾಡಿ. 90 ನಿಮಿಷದ ಕ್ಯಾಸೆಟ್ಟಿಗೆ ಬದಿಗೆ 45 ನಿಮಿಷ. ಹಾಡಿನ ನಡುವೆ ಜನರ ಮಾತು, ಗ್ಲಾಸಿನ ಸದ್ದು ಇದ್ದರೆ ಗದ್ದಲವೆಂದು ತೆಗೆಯಬೇಡಿ. ಹಾಡು ಎಲ್ಲಾದರೂ ಸಿಗುತ್ತದೆ, ಆ ಕೋಣೆಯ ಸದ್ದು ಬೇರೆಲ್ಲೂ ಸಿಗುವುದಿಲ್ಲ.

ಇಷ್ಟಾದ ಮೇಲೆ ಮಾತಿನ ರೆಕಾರ್ಡಿಂಗ್. ಒಬ್ಬೊಬ್ಬರನ್ನೇ, ಒಂದರಿಂದ ಒಂದೂವರೆ ಗಂಟೆ. 48 ಕಿಲೋಹರ್ಟ್ಸ್, 24 ಬಿಟ್, ಮೊನೊ ವೇವ್ ಕಡತ ಗಂಟೆಗೆ ಸುಮಾರು 518 ಎಂಬಿ ಜಾಗ ಹಿಡಿಯುತ್ತದೆ, ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ. ಫೋನಿನಲ್ಲೇ ಮಾಡುವುದಾದರೆ ಏರೋಪ್ಲೇನ್ ಮೋಡ್ ಹಾಕಿ, ಕಾಲರಿಗೆ ಸಿಕ್ಕಿಸುವ ಮೈಕು ಬಾಯಿಯಿಂದ ಒಂದು ಗೇಣು ಕೆಳಗೆ ಇರಲಿ. ಫ್ಯಾನು, ಫ್ರಿಜ್ಜು ಆರಿಸಿ (ಆಮೇಲೆ ಮರೆಯದೆ ಹಾಕಲು ಫ್ರಿಜ್ಜಿನ ಮೇಲೆ ನಿಮ್ಮ ಗಾಡಿಯ ಬೀಗದ ಕೈ ಇಡಿ). ರೆಕಾರ್ಡ್ ಮಾಡುವ ಆ್ಯಪ್‌ನ ಮಾಪಕದಲ್ಲಿ ದನಿಯ ಏರುಮಟ್ಟ ಮೈನಸ್ 12 ಡೆಸಿಬಲ್ ಹತ್ತಿರ ಇರಲಿ. ನಗು ಜೋರಾದಾಗ ಒಡೆದ ದನಿಯನ್ನು ಆಮೇಲೆ ಸರಿ ಮಾಡಲಾಗದು.

ಕೇಳುವ ಪ್ರಶ್ನೆಯಲ್ಲೇ ಉತ್ತರ ತುರುಕಬೇಡಿ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಒಂದು ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು ‘ತಾಗಿದಾಗ’ ಎಂದೂ ಕೆಲವರಿಗೆ ‘ಅಪ್ಪಳಿಸಿದಾಗ’ ಎಂದೂ ವೇಗ ಕೇಳಿದರು. ವಾರ ಕಳೆದು ಒಡೆದ ಗಾಜು ಕಂಡಿರಾ ಎಂದಾಗ ಮೊದಲ ಗುಂಪಿನ 50 ಜನರಲ್ಲಿ 7, ಎರಡನೆಯ ಗುಂಪಿನ 50ರಲ್ಲಿ 16 ಜನ ಹೌದೆಂದರು. ಗಾಜು ಒಡೆದೇ ಇರಲಿಲ್ಲ. ಒಂದು ಕ್ರಿಯಾಪದ ಇಷ್ಟು ಮಾಡುತ್ತದೆ ಎಂದ ಮೇಲೆ ‘ಕೆಂಪು ನಿಯಾನ್ ಬೋರ್ಡು ನೆನಪಿದೆಯಾ?’ ಎಂಬ ಪ್ರಶ್ನೆ ಏನು ಮಾಡಬಹುದು ಯೋಚಿಸಿ. ಬದಲಿಗೆ ‘ಬಸ್ಸಿಳಿದಿರಿ. ಕತ್ತಲಾಗಿದೆ. ಬಾಗಿಲವರೆಗೆ ಏನೇನು ಕಾಣಿಸುತ್ತದೆ, ನಡೆದುಕೊಂಡೇ ಹೇಳಿ’ ಎನ್ನಿ. ಪೊಲೀಸ್ ಸಾಕ್ಷಿಗಳ ವಿಚಾರಣೆಗಾಗಿ ಗೈಸಲ್‌ಮನ್ ಮತ್ತು ಫಿಶರ್ 1980ರ ದಶಕದಲ್ಲಿ ರೂಪಿಸಿದ ವಿಧಾನದ ತಿರುಳು ಇದೇ: ಮೊದಲು ಆ ಜಾಗ, ಆ ಹವೆ, ಆ ಮನಸ್ಥಿತಿಗೆ ಮರಳಿಸು, ಬೇಡವೆನಿಸಿದ್ದನ್ನೂ ಹೇಳಿಸು, ಆಮೇಲೆ ಹಿಂದುಮುಂದಾಗಿ, ಹೊರಬರುವ ಕ್ರಮದಲ್ಲಿ ಮತ್ತೊಮ್ಮೆ ಹೇಳಿಸು. ಅವರು ಸುಮ್ಮನಾದಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಒಳ್ಳೆಯ ವಿವರ ಬರುವುದು ಆ ಮೌನದ ಆಚೆಯಿಂದ. ತಪ್ಪು ಹೇಳುತ್ತಿದ್ದಾರೆ ಎಂದು ಗೊತ್ತಿದ್ದರೂ ತಿದ್ದಬೇಡಿ, ಕಡತದ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ತಾನಾಗಿ ಬರೆದುಕೊಡುವ ಆ್ಯಪ್‌ಗಳು ಆ ಹೊತ್ತನ್ನು ಕಡಿಮೆ ಮಾಡುತ್ತವೆ, ಆದರೆ ಅಂಗಡಿಯ ಹೆಸರು, ಜನರ ಅಡ್ಡಹೆಸರು ಬಂದಲ್ಲೆಲ್ಲ ಎಡವುತ್ತವೆ. ನಿಮಗೆ ಬೇಕಿರುವುದೇ ಅವು.

ಈಗ ಇಸವಿ. ಇಲ್ಲಿ ನೆನಪನ್ನು ಪಕ್ಕಕ್ಕಿಟ್ಟು ‘ಇದಕ್ಕಿಂತ ಮುಂಚೆ ಅಲ್ಲ’, ‘ಇದರ ನಂತರ ಅಲ್ಲ’ ಎಂಬ ಎರಡು ಗೂಟ ಹೊಡೆಯುತ್ತ ಹೋಗಬೇಕು. ಬೋರ್ಡಿನ ಮೇಲೆ ಆರಂಕಿಯ ಪಿನ್ ಕೋಡ್ ಇದ್ದರೆ ಭಾರತದಲ್ಲಿ ಅದು 1972ರ ಆಗಸ್ಟ್ 15ಕ್ಕಿಂತ ಮುಂಚಿನದಲ್ಲ. ಅಮೆರಿಕದ ಜಿಪ್ ಕೋಡ್ ಆದರೆ 1963ರ ಜುಲೈ. ಪೊಟ್ಟಣದ ಮೇಲೆ ಬಾರ್‌ಕೋಡ್ ಇದ್ದರೆ 1970ರ ದಶಕಕ್ಕಿಂತ ಹಿಂದೆ ಹೋಗುವಂತಿಲ್ಲ, ಅಂಗಡಿಯಲ್ಲಿ ಅದನ್ನು ಮೊದಲು ಸ್ಕ್ಯಾನ್ ಮಾಡಿದ್ದು 1974ರ ಜೂನ್ 26. ಕ್ಯಾಸೆಟ್ ಲೋಕಕ್ಕೆ ಬಂದದ್ದು 1963, ಸಿಡಿ ಮಾರಾಟಕ್ಕೆ ಬಂದದ್ದು 1982. ಕ್ಯಾಸೆಟ್ ಅಂಗಡಿಯ ಫೋಟೋದಲ್ಲಿ ಸಿಡಿಯ ಸಾಲು ಕಂಡರೆ ಒಂದು ಗೂಟ ಸಿಕ್ಕಿತು. ಕನ್ನಡಿ ಚೆಂಡಿನಿಂದ ಏನೂ ತಿಳಿಯದು. ಅದಕ್ಕೆ ಪೇಟೆಂಟ್ ಆದದ್ದೇ 1917ರಲ್ಲಿ, ಡಿಸ್ಕೊ ಹುಟ್ಟುವ ಎಷ್ಟೋ ಮುಂಚೆ. ಸಿನಿಮಾ ಪೋಸ್ಟರಿನ ವಿಷಯದಲ್ಲಿ ಎಚ್ಚರ: ಬಿಡುಗಡೆಯ ದಿನ ‘ಇದಕ್ಕಿಂತ ಮುಂಚೆ ಅಲ್ಲ’ ಎಂಬ ಗೂಟವಷ್ಟೇ ಕೊಡುತ್ತದೆ, ಗೋಡೆಯ ಮೇಲೆ ಪೋಸ್ಟರ್ ಎರಡು ವರ್ಷವೂ ಉಳಿದಿರಬಹುದು. ಫೋನ್ ನಂಬರಿನ ಅಂಕಿ ಹೆಚ್ಚಿದ ದಿನ, ರಸ್ತೆ ಏಕಮುಖವಾದ ದಿನ, ಬೀದಿ ದೀಪ ಬದಲಾದ ವರ್ಷ ಇವು ನಿಮ್ಮ ನಗರದ ಹಳೆಯ ಪತ್ರಿಕೆಗಳಲ್ಲಿ ಸಿಗುತ್ತವೆ.

ಮುಚ್ಚಿದ ವರ್ಷಕ್ಕೆ ಒಳ್ಳೆಯ ಆಧಾರ ಹಳೆಯ ಟೆಲಿಫೋನ್ ಡೈರೆಕ್ಟರಿಗಳು ಮತ್ತು ಪರವಾನಗಿ ದಾಖಲೆಗಳು. ಡೈರೆಕ್ಟರಿಯನ್ನು ವರ್ಷ ವರ್ಷ ತಿರುವಿ ಹೆಸರು ಕೊನೆಯ ಸಲ ಕಂಡದ್ದನ್ನು ಗುರುತಿಸಿ. ಅದರಲ್ಲೂ ಒಂದು ತೊಡಕಿದೆ: ಡೈರೆಕ್ಟರಿ ಅಚ್ಚಾಗುವ ತಿಂಗಳುಗಳ ಮೊದಲೇ ಹೆಸರು ಕಲೆಹಾಕಿರುತ್ತಾರೆ, ಆದ್ದರಿಂದ ಮುಚ್ಚಿದ ಅಂಗಡಿ ಇನ್ನೂ ಒಂದು ಸಂಚಿಕೆ ‘ಬದುಕಿರುವುದು’ ಮಾಮೂಲು. ಪತ್ರಿಕೆಯ ಕೊನೆಯ ಜಾಹೀರಾತು, ಸಾಮಾನು ಹರಾಜಿನ ಪ್ರಕಟಣೆ ಇವನ್ನು ಅದರ ಪಕ್ಕದಲ್ಲಿಡಿ. ಗೂಗಲ್ ಸ್ಟ್ರೀಟ್ ವ್ಯೂ ಶುರುವಾದದ್ದೇ 2007ರಲ್ಲಿ, ನಿಮ್ಮ ಕ್ಲಬ್ಬಿಗೆ ಅದು ಪ್ರಯೋಜನವಿಲ್ಲ. ಆದರೆ ಆ ಕಟ್ಟಡವೇ ಯಾವಾಗ ಬಿತ್ತು ಎಂದು ತಿಳಿಯಲು ಅದರ ಹಳೆಯ ವರ್ಷಗಳ ಚಿತ್ರಗಳನ್ನು ಒಮ್ಮೆ ನೋಡಿ.

ಯಾಕೆ ಮುಚ್ಚಿತು ಎಂಬುದರಲ್ಲೂ ನಿಮ್ಮ ಗುಂಪು ಒಂದೇ ಉತ್ತರಕ್ಕೆ ಬಂದಿರಬಹುದು: ಮಾಲ್ ಬಂತು, ಆನ್‌ಲೈನ್ ಬಂತು. ಕೆಲವಕ್ಕೆ ಅದು ನಿಜ. ಆದರೆ ದಾಖಲೆ ತೆರೆದು ನೋಡಿದಾಗ ಹೆಚ್ಚಾಗಿ ಸಿಗುವ ಕಾರಣ ಇಷ್ಟು ದೊಡ್ಡದಲ್ಲ. ಬಾಡಿಗೆ ಕರಾರು ಮುಗಿಯಿತು, ಮಾಲೀಕರು ನವೀಕರಿಸಲಿಲ್ಲ. ಮಕ್ಕಳು ಬೇರೆ ಕೆಲಸ ಹಿಡಿದರು, ಅಂಗಡಿ ನೋಡಿಕೊಳ್ಳುವವರಿಲ್ಲ. ಅಣ್ಣತಮ್ಮಂದಿರ ಪಾಲಾಯಿತು. ನ್ಯೂಯಾರ್ಕಿನ ಸಿಬಿಜಿಬಿ 1973ರಲ್ಲಿ ತೆರೆದು ಜಗತ್ತಿಗೇ ಹೆಸರಾದ ಸಂಗೀತದ ಅಡ್ಡೆ, 2006ರಲ್ಲಿ ಮುಚ್ಚಿದ್ದು ಜನ ಬರದೆ ಅಲ್ಲ, ಬಾಡಿಗೆಯ ವ್ಯಾಜ್ಯದಿಂದ. ರಾತ್ರಿ ತಾಣಗಳಿಗೆ ಇನ್ನೂ ಒಂದು ಸಾವಿದೆ: ಪಕ್ಕದಲ್ಲಿ ಹೊಸ ವಸತಿ ಕಟ್ಟಡ ಏಳುತ್ತದೆ, ಹೊಸದಾಗಿ ಬಂದವರು ಸದ್ದಿನ ದೂರು ಕೊಡುತ್ತಾರೆ, ಪರವಾನಗಿಗೆ ಷರತ್ತು ಬೀಳುತ್ತದೆ, ರಾತ್ರಿಯ ಗಂಟೆಗಳು ಕಡಿಮೆಯಾಗುತ್ತವೆ, ಲೆಕ್ಕ ಕೂಡುವುದಿಲ್ಲ. ಸದ್ದು ತಡೆಯುವ ಖರ್ಚು ಹೊಸದಾಗಿ ಕಟ್ಟುವವರದೇ ಎಂಬ ನಿಯಮವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ 2014ರಲ್ಲಿ ತಂದದ್ದು ಇದೇ ಕಾರಣಕ್ಕೆ. ಗೆಳೆಯರನ್ನು ಕೇಳುವುದಾದರೆ ‘ಯಾಕೆ ಮುಚ್ಚಿತು’ ಎನ್ನಬೇಡಿ. ‘ಕೊನೆಯ ಒಂದು ವರ್ಷದಲ್ಲಿ ಏನು ಬದಲಾಗಿತ್ತು’ ಎನ್ನಿ.

ದಾಖಲೆಯಲ್ಲಿ ಎರಡು ಮಾತು ಕೂಡದಿದ್ದರೆ ಎರಡನ್ನೂ ಉಳಿಸಿ. ಒಂದು ಪಟ್ಟಿಯಲ್ಲಿ ಜಾಗ, ಹೇಳಿದ್ದೇನು, ಹೇಳಿದವರು, ಹೇಳಿದ ದಿನ, ಆಧಾರ ಎಂದು ಐದು ಅಂಕಣ ಸಾಕು. ಇಸವಿಗೆ ಅಂತರರಾಷ್ಟ್ರೀಯ ಗುರುತುಗಳಿವೆ: ‘1986~’ ಎಂದರೆ ಸುಮಾರು 1986, ‘1986?’ ಎಂದರೆ 1986 ಇರಬಹುದು ಆದರೆ ಸಂಶಯ. ಈ ಗುರುತು ಪಟ್ಟಿಯೊಳಗೆ ಮಾತ್ರ ಇರಲಿ; ಪ್ರಶ್ನಾರ್ಥಕ ಚಿಹ್ನೆ ಇರುವ ಕಡತದ ಹೆಸರನ್ನು ವಿಂಡೋಸ್ ಒಪ್ಪುವುದಿಲ್ಲ. ಎಲ್ಲವನ್ನೂ ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಫೋಟೋಗಳನ್ನು ಗುಂಪಿಗೆ ಮೆಸೇಜ್ ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಕುಗ್ಗಿಸಿದ ನಕಲಷ್ಟೇ ತಲುಪುತ್ತದೆ, ಒಳಗಿನ ದಿನಾಂಕವೂ ಹೋಗುತ್ತದೆ.

ಮುಂದೆ ಇದನ್ನು ಎಲ್ಲಿಡುವುದು ಎಂಬುದಕ್ಕೆ ದಾರಿ ಹಲವು, ಯಾವುದೂ ಖರ್ಚಿಲ್ಲದ್ದಲ್ಲ. ಸಾಮಾಜಿಕ ಜಾಲದ ಪುಟ ಬೇಗ ಬೆಳೆಯುತ್ತದೆ, ಅಪರಿಚಿತರೂ ಬಂದು ಫೋಟೋ ಕೊಡುತ್ತಾರೆ, ಆದರೆ ಅಲ್ಲಿ ಮತ್ತೆ ಅದೇ ‘ಎಲ್ಲರೂ ಒಪ್ಪಿದ’ ನೆನಪು ಹುಟ್ಟುತ್ತದೆ, ಖಾತೆ ಹೋದರೆ ಎಲ್ಲ ಹೋಯಿತು. ಪುಸ್ತಕ ಮಾಡಿದರೆ ಉಳಿಯುತ್ತದೆ, ತಪ್ಪೂ ಉಳಿಯುತ್ತದೆ. ಗ್ರಂಥಾಲಯ, ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಕೊಟ್ಟರೆ ನೂರು ವರ್ಷ ಬಾಳಬಹುದು, ಆದರೆ ಅವರು ಪ್ರತಿ ರೆಕಾರ್ಡಿಂಗಿಗೂ ಸಹಿ ಮಾಡಿದ ಒಪ್ಪಿಗೆ ಪತ್ರ ಕೇಳುತ್ತಾರೆ. ಆಮೇಲೆ ಹುಡುಕಿಕೊಂಡು ಹೋಗುವ ಬದಲು ಮಾತು ಮುಗಿದ ದಿನವೇ ಬರೆಸಿಕೊಳ್ಳಿ. ನಾನಾಗಿದ್ದರೆ ಮೂಲವನ್ನು ಸಂಗ್ರಹಕ್ಕೆ, ಆಯ್ದದ್ದನ್ನು ಮಾತ್ರ ಜಾಲಕ್ಕೆ ಕೊಡುತ್ತೇನೆ. ಕ್ಯಾಸೆಟ್ಟಿನಲ್ಲಿರುವ ಹಾಡುಗಳ ಹಕ್ಕು ಇನ್ನೊಬ್ಬರದು ಎಂಬುದೂ ನೆನಪಿರಲಿ. ಸಂಗ್ರಹದಲ್ಲಿಡುವುದು ಬೇರೆ, ಜಾಲಕ್ಕೇರಿಸುವುದು ಬೇರೆ.

ಅಂಗಡಿಯ ಫೋಟೋಗೂ ಕ್ಲಬ್ಬಿನ ಫೋಟೋಗೂ ವ್ಯತ್ಯಾಸವಿದೆ. ಅಂಗಡಿಗೆ ಜನ ಎಲ್ಲರ ಕಣ್ಣೆದುರು ಬರುತ್ತಾರೆ. ರಾತ್ರಿ ತಾಣಕ್ಕೆ ಕೆಲವರು ಮನೆಯಲ್ಲಿ ಹೇಳದೆ ಬಂದಿರುತ್ತಾರೆ, ಕೆಲವರು ಆಗ ಇನ್ನೊಬ್ಬರ ಜೊತೆಗಿದ್ದರು, ಕೆಲವರಿಗೆ ತಾವು ತಾವಾಗಿರಲು ಇದ್ದ ಒಂದೇ ಜಾಗ ಅದು. ಗುರುತು ಸಿಗುವ ಮುಖವಿದ್ದರೆ, ಒಪ್ಪಿಗೆ ಸಿಗುವವರೆಗೆ ಹೊರಗೆ ಹಾಕಬೇಡಿ. ಮಾಲೀಕರು ಹೀಗೆ ಮಾಡಿದರಂತೆ, ಹಾಗೆ ಮಾಡಿದರಂತೆ ಎಂಬ ಮಾತು ರೆಕಾರ್ಡಿಂಗಿನಲ್ಲಿ ಬಂದೇ ಬರುತ್ತದೆ; ಮೂಲದಲ್ಲಿ ಇರಲಿ, ಪ್ರಕಟಣೆಗೆ ಬೇಡ. ಮಾನನಷ್ಟದ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅಚ್ಚು ಹಾಕಿಸುವ ಮುನ್ನ ವಕೀಲರಿಗೆ ಆ ಪುಟಗಳನ್ನಾದರೂ ತೋರಿಸಿ.

ಇನ್ನು ನಿಮ್ಮ ಕೆಂಪು ಬೋರ್ಡು. ನಿಯಾನ್ ದೀಪವನ್ನು ಜಾರ್ಜ್ ಕ್ಲೋಡ್ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ 1910ರಲ್ಲಿ ತೋರಿಸಿದ ದಿನದಿಂದಲೂ ಅದರ ಸ್ವಂತ ಬಣ್ಣ ಕಿತ್ತಳೆ ಮಿಶ್ರಿತ ಕೆಂಪು. ನೀಲಿ ಬೇಕಾದರೆ ಆರ್ಗಾನ್ ಮತ್ತು ಪಾದರಸ ಬೇಕು, ಬೇರೆ ಬಣ್ಣಗಳಿಗೆ ಕೊಳವೆಯ ಒಳಗೆ ಲೇಪ ಬೇಕು. ಕೆಂಪಿಗೆ ಏನೂ ಬೇಡ, ಬರಿಯ ಪಾರದರ್ಶಕ ಗಾಜು ಸಾಕು. ಹಾಗಾಗಿ ಹಗಲಲ್ಲಿ ಆರಿಸಿದ ಕೆಂಪು ನಿಯಾನ್ ಕೊಳವೆ ಫೋಟೋದಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಹಿಂದಿನ ಬಣ್ಣದ ಹಲಗೆ ಮಾತ್ರ ಕಾಣುತ್ತದೆ. ಬಣ್ಣ ಬಳಿದ ಅಕ್ಷರದ ಮೇಲೇ ಕೊಳವೆ ಬಗ್ಗಿಸಿ ಕೂರಿಸುವುದು ಆ ಕಸುಬಿನಲ್ಲಿ ಮಾಮೂಲು. ಆ ಫೋಟೋವನ್ನು 1200 ಡಿಪಿಐಗೆ ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ ನಾಲ್ಕು ಕಡೆ ನೋಡಿ: ಅಕ್ಷರದ ಅಂಚಿಗೆ ಸಮನಾಗಿ ಓಡುವ ತೆಳು ಬಿಳಿ ಹೊಳಪು ಇದೆಯೇ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗುವಲ್ಲಿ ಬೆಳಕು ಕಾಣದಿರಲೆಂದು ಕಪ್ಪು ಬಳಿದ ಗಾಜಿನ ತುಂಡು ಇದೆಯೇ, ಹಲಗೆಯ ಮೇಲೆ ಸಮ ಅಂತರದಲ್ಲಿ ಪುಟ್ಟ ಚುಕ್ಕೆಗಳಂತೆ ಕೊಳವೆಯ ಆಧಾರದ ಕಂಬಗಳಿವೆಯೇ, ಹಲಗೆಯಿಂದ ದಪ್ಪ ವೈರು ಇಳಿದು ಲೋಹದ ಪೆಟ್ಟಿಗೆಯೊಂದಕ್ಕೆ ಸೇರುತ್ತದೆಯೇ. ಆ ಪೆಟ್ಟಿಗೆ ಟ್ರಾನ್ಸ್‌ಫಾರ್ಮರ್. ಅದು ಹೊರಹಾಕುವುದು 15,000 ವೋಲ್ಟ್‌ವರೆಗೆ ಇರಬಹುದು, ಮುಂದೆಂದಾದರೂ ಹಳೆಯ ಬೋರ್ಡು ಕೈಗೆ ಸಿಕ್ಕರೆ ನೀವೇ ವೈರು ಚುಚ್ಚಿ ಉರಿಸಲು ಹೋಗಬೇಡಿ. ನಾಲ್ಕರಲ್ಲಿ ಎರಡು ಕಂಡರೂ ಪಟ್ಟಿಯ ಆಧಾರದ ಅಂಕಣದಲ್ಲಿ ಬರೆಯಿರಿ. ಒಂದೂ ಕಾಣದಿದ್ದರೆ ‘ಫೋಟೋದಲ್ಲಿ ಇಲ್ಲ, ಫೋಟೋದ ಇಸವಿ ಗೊತ್ತಿಲ್ಲ’ ಎಂದು ಬರೆದು, ಉಳಿದ ಹನ್ನೊಂದು ನಕ್ಷೆಗಳು ಬರುವವರೆಗೆ ಬೋರ್ಡಿನ ಮಾತನ್ನು ಯಾರ ಹತ್ತಿರವೂ ಮತ್ತೆ ಎತ್ತಬೇಡಿ.